ಗುಂಗುರುಗೂದಲು: ಅದರ ಸ್ವರೂಪ ಮತ್ತು ಗೃಹೋಪಚಾರ

ಶ್ರವಣಬೆಳಗೊಳದ ವಿಂಧ್ಯಗಿರಿಯನ್ನೇರಿ ಗೊಮ್ಮಟೇಶ್ವರನ ಸನ್ನಿಧಿಯಲ್ಲಿ ನಿಂತ ಯಾತ್ರಿಕನ ದೃಷ್ಟಿ ಮೊದಲು ಪಾದಗಳ ಮೇಲೆ ಬೀಳುತ್ತದೆ. ಅಲ್ಲಿಂದ ಮೆಲ್ಲಮೆಲ್ಲನೆ ಮೇಲೇರಿ, ಬಳ್ಳಿ ಸುತ್ತಿದ ತೊಡೆ ತೋಳುಗಳನ್ನು ದಾಟಿ, ಮುಗುಳ್ನಗೆಯ ತುಟಿಯಲ್ಲಿ ಕ್ಷಣಕಾಲ ತಂಗಿ, ಕಟ್ಟಕಡೆಗೆ ತಲೆಯ ಮೇಲೆ ನಿಲ್ಲುತ್ತದೆ. ಗಂಗರ ಮಂತ್ರಿಯಾದ ಚಾವುಂಡರಾಯನು ಕ್ರಿ. ಶ. ೯೮೧ರ ವೇಳೆಗೆ ಮಾಡಿಸಿದ, ಸುಮಾರು ೫೮ ಅಡಿ ಎತ್ತರದ ಆ ಮಹಾಮೂರ್ತಿಯ ಶಿರದ ತುಂಬ ಶಿಲ್ಪಿಯು ಕಂಡರಿಸಿರುವುದು ನೇರವಾದ ನೀಳಗೂದಲನ್ನಲ್ಲ. ಒತ್ತೊತ್ತಾಗಿ ಸೇರಿದ ಸಣ್ಣ ಸಣ್ಣ ಸುರುಳಿಗಳನ್ನು. ಹತ್ತು ಶತಮಾನಗಳಿಂದ ಕನ್ನಡನಾಡು ಕತ್ತೆತ್ತಿ ಕೈಮುಗಿದು ನೋಡುತ್ತ ಬಂದಿರುವ ತಲೆಯು ಗುಂಗುರುಗೂದಲಿನ ತಲೆ.

ಭಾಷೆಯೂ ಇದೇ ಸಾಕ್ಷ್ಯವನ್ನು ನುಡಿಯುತ್ತದೆ. ಹಳಗನ್ನಡದ ‘ಕುರುಳ್’ ಎಂಬ ಶಬ್ದಕ್ಕೆ ಸುರುಳಿಗೊಂಡ ಕೂದಲೆಂದೇ ಅರ್ಥ. ತಮಿಳಿನಲ್ಲಿಯೂ ಇದರ ಒಡಹುಟ್ಟು ಇದೆ. ಹಣೆಯ ಮೇಲೆ ಇಳಿದಾಡುವುದು ಮುಂಗುರುಳು. ಸಂಸ್ಕೃತದಿಂದ ಬಂದ ‘ಅಲಕ’ವೂ ಸುರುಳಿಗೂದಲೇ. ‘ಕುಟಿಲ’ ಎಂಬ ವಿಶೇಷಣವು ಮನುಷ್ಯನ ಬುದ್ಧಿಗೆ ಸೇರಿದರೆ ನಿಂದೆ. ಅದೇ ಪದ ‘ಕುಂತಲ’ದೊಡನೆ ಸಮಾಸವಾದರೆ ಸ್ತುತಿ. ದುಂಬಿಗಳ ಹಿಂಡನ್ನು ಕಂಡಾಗಲೆಲ್ಲ ನಮ್ಮ ಪೂರ್ವಕವಿಗಳಿಗೆ ನೆನಪಾದದ್ದು ಇಂಥ ಕುರುಳುಗಳೇ. ಈ ನಾಡಿನ ಒಂದು ಭಾಗಕ್ಕೆ ಹಿಂದೆ ಕುಂತಳದೇಶವೆಂಬ ಹೆಸರಿದ್ದುದರಿಂದ, ಶಾಸನಕವಿಗಳು ಅದನ್ನು ಭೂದೇವಿಯ ಕುಂತಳವೆಂದೇ ಶ್ಲೇಷೆಯಿಂದ ಕೊಂಡಾಡಿದ್ದುಂಟು.

ಇಷ್ಟೆಲ್ಲ ಇದ್ದೂ ಶಾಲೆಯ ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ಆಗಾಗ ಕೇಳಿಬರುವ ಮಾತೇ ಬೇರೆ. “ತಲೆ ಬಾಚಿಕೊಂಡು ಬಂದಿಲ್ಲವೇನು?” ಎಂದು ಗದರಿಸಿಕೊಂಡ ಬಾಲಿಕೆಯು ವಾಸ್ತವವಾಗಿ ಅರ್ಧ ತಾಸು ಕಣ್ಣೀರು ತುಂಬಿಕೊಂಡು ಬಾಚಿಕೊಂಡೇ ಬಂದಿರುತ್ತಾಳೆ. ಒಣಗಿದ ಕೂದಲು ಹಣಿಗೆಯ ಹಲ್ಲಿನಿಂದ ಬಿಡಿಸಿಕೊಂಡ ಮರುಕ್ಷಣವೇ ಮತ್ತೆ ಎದ್ದು ನಿಂತಿದ್ದು ಆಕೆಯ ಅಪರಾಧವಲ್ಲ. ಆದರೆ ಹತ್ತು ಮಂದಿಯ ಮುಂದೆ ಕೇಳಿದ ಮಾತು ಎಳೆಯ ಮನಸ್ಸಿನಲ್ಲಿ ಇಳಿದು, ತನ್ನ ಕೂದಲೇ ಒಂದು ದೋಷವೆಂದು ಆ ಮಗು ನಂಬತೊಡಗುತ್ತದೆ. ಆ ಮೇಲೆ ತೆರೆದಿರುವ ಹಾದಿ ಎರಡೇ: ಒಂದು ಕತ್ತರಿ, ಇನ್ನೊಂದು ಪೇಟೆಯಲ್ಲಿ ದೊರೆಯುವ, ಕೂದಲನ್ನು ನೇರಗೊಳಿಸುವ ಔಷಧ. ಎರಡೂ ಬೇಡವಾದ ಮೂರನೆಯ ಹಾದಿಯೊಂದಿದೆ. ಅದು ಮನೆಯ ಹಿತ್ತಿಲಲ್ಲೂ ಅಡಿಗೆಮನೆಯ ಡಬ್ಬಿಯಲ್ಲೂ ದೊರೆಯತಕ್ಕದ್ದು. ಅದನ್ನು ತಿಳಿಯುವ ಮೊದಲು ಆ ಕೂದಲಿನ ಸ್ವರೂಪವನ್ನು ತಿಳಿಯಬೇಕು.

ಕೂದಲು ಕೆರಾಟಿನ್ ಎಂಬ ಸಸಾರಜನಕ ದ್ರವ್ಯದಿಂದಾದ ಎಳೆ. ಚರ್ಮದೊಳಗಣ ಕೇಶಕೂಪವು ನೆಟ್ಟಗಿದ್ದರೆ ಅದರಿಂದ ಹೊರಡುವ ಎಳೆ ನೆಟ್ಟಗಿರುತ್ತದೆ. ಕೂಪವೇ ಬಾಗಿದ್ದರೆ ಎಳೆಯು ಸುರುಳಿಯಾಗಿ ಹೊರಡುತ್ತದೆ. ನೇರಗೂದಲನ್ನು ಅಡ್ಡಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹೆಚ್ಚುಕಡಮೆ ದುಂಡಗೆ ಕಾಣುತ್ತದೆ; ಗುಂಗುರುಗೂದಲು ಮೊಟ್ಟೆಯಾಕಾರವಾಗಿ ಚಪ್ಪಟೆಯಾಗಿರುತ್ತದೆ. ಚಪ್ಪಟೆಯ ಪಟ್ಟಿಯನ್ನು ಸುತ್ತುವುದು ಸುಲಭ, ದುಂಡನೆಯ ಕಂಬಿಯನ್ನು ಸುತ್ತುವುದು ಕಷ್ಟ ಎಂಬುದನ್ನು ಬುಟ್ಟಿ ಹೆಣೆಯುವವರು ಯಾರಾದರೂ ಹೇಳಿಯಾರು. ಅಂದಮೇಲೆ ಗುಂಗುರು ಎಂಬುದು ಅಶ್ರದ್ಧೆಯ ಫಲವಲ್ಲ, ಬೇರಿನಲ್ಲಿಯೇ ನಿಶ್ಚಿತವಾದ ಆಕೃತಿ. ಎಷ್ಟು ಬಾಚಿದರೂ ಎಷ್ಟು ಬೈದರೂ ಕೇಶಕೂಪ ನೆಟ್ಟಗಾಗದು.

ಈ ರಚನೆಯಿಂದ ಎರಡು ಪರಿಣಾಮಗಳುಂಟು. ಆರೈಕೆಯೆಲ್ಲವೂ ಇವೆರಡರಿಂದಲೇ ಹುಟ್ಟಬೇಕಾದುದರಿಂದ ಇವನ್ನು ಚೆನ್ನಾಗಿ ಮನಗಾಣಬೇಕು. ನೆತ್ತಿಯ ಚರ್ಮವು ಸ್ರವಿಸುವ ಜಿಡ್ಡು ನೇರವಾದ ಎಳೆಯ ಮೇಲೆ ತಾನಾಗಿ ತುದಿಯವರೆಗೆ ಇಳಿಯುತ್ತದೆ. ಸುರುಳಿಯ ಮೇಲೆ ಅದು ಇಳಿಯಲಾರದು, ಘಾಟಿಯ ತಿರುವುಗಳಲ್ಲಿ ಬಂಡಿ ನಿಂತಂತೆ ಮೇಲೆಯೇ ನಿಂತುಬಿಡುತ್ತದೆ. ಆದ್ದರಿಂದ ನೆತ್ತಿ ಜಿಡ್ಡಾಗಿದ್ದರೂ ತುದಿಯು ಸದಾ ಒಣಗಿರುತ್ತದೆ. ಎರಡನೆಯದಾಗಿ, ಎಳೆಯು ಎಲ್ಲೆಲ್ಲಿ ತಿರುಚಿಕೊಂಡಿದೆಯೋ ಅಲ್ಲೆಲ್ಲ ಅದು ದುರ್ಬಲ. ಎಳೆದರೆ ಮುರಿಯುವುದು ಅಲ್ಲಿಯೇ. ದಟ್ಟವಾಗಿ, ಒರಟಾಗಿ, ಗಟ್ಟಿಮುಟ್ಟಾಗಿ ಕಾಣುವ ಗುಂಗುರುಗೂದಲು ನಿಜಕ್ಕೂ ಕೂದಲುಗಳಲ್ಲೆಲ್ಲ ಅತ್ಯಂತ ಸುಕುಮಾರವಾದದ್ದು. ನೋಟಕ್ಕೂ ಗುಣಕ್ಕೂ ಇರುವ ಈ ವೈಪರೀತ್ಯವನ್ನರಿಯದೆ ಹೋದುದರಿಂದಲೇ ಎಷ್ಟೋ ತಾಯಂದಿರು ‘ಗಟ್ಟಿ ಕೂದಲು, ಗಟ್ಟಿಯಾಗಿಯೇ ಬಾಚಬೇಕು’ ಎಂದು ತಿಳಿದು ಮಗಳ ತಲೆಯಲ್ಲಿ ಹಣಿಗೆಯ ಹಲ್ಲು ಮುರಿಯುತ್ತಾರೆ.

ಗುಂಗುರಿನಲ್ಲಿಯೂ ತರತಮಗಳಿವೆ. ಕೆರೆಯ ತೆರೆಯಂತೆ ಬಳುಕುವುದು ಒಂದು ಬಗೆ. ಬೆರಳಿಗೆ ಸುತ್ತಿದ ಉಂಗುರದಂತಿರುವುದು ಇನ್ನೊಂದು. ನಮ್ಮ ಮನೆಮನೆಗಳಲ್ಲಿ ಕಾಣುವುದು ಹೆಚ್ಚಾಗಿ ಇವೆರಡೇ. ಸೀಸದ ಕಡ್ಡಿಯ ದಪ್ಪಕ್ಕಿಂತಲೂ ಸಣ್ಣ ಸುರುಳಿಗಳು ದಟ್ಟವಾಗಿ ಹೆಣೆದುಕೊಂಡಿರುವುದು ಮೂರನೆಯ ಬಗೆ. ಆಫ್ರಿಕಾ ಖಂಡದ ಬಹುಭಾಗದ ಜನರಿಗೂ, ಅಲ್ಲಿಂದ ಲೋಕದ ನಾನಾ ಕಡೆಗೆ ಒಯ್ಯಲ್ಪಟ್ಟವರ ಸಂತತಿಗೂ ಇರುವುದು ಈ ಬಗೆಯದು. ಅಂಥವರು ಕನ್ನಡನಾಡಿಗೆ ಹೊರಗಿನವರೇನಲ್ಲ. ಗೋವೆಯ ಪೋರ್ತುಗೀಸರ ಕಾಲದಲ್ಲಿ ದಾಸರಾಗಿ ತರಲ್ಪಟ್ಟು, ತಪ್ಪಿಸಿಕೊಂಡು ಅಥವಾ ಬಿಡುಗಡೆ ಹೊಂದಿ ಸಹ್ಯಾದ್ರಿಯ ಕಾಡನ್ನು ಸೇರಿದವರ ವಂಶಜರಾದ ಸಿದ್ದಿಗಳು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲ, ಜೋಯಿಡಾ ತಾಲ್ಲೂಕುಗಳಲ್ಲಿ ತಲೆತಲಾಂತರದಿಂದ ಬಾಳುತ್ತಿದ್ದಾರೆ. ಉತ್ತರ ಕನ್ನಡ ಜಿಲ್ಲೆಯ ಸಿದ್ದಿಗಳನ್ನು ೨೦೦೩ರಲ್ಲಿ ಪರಿಶಿಷ್ಟ ವರ್ಗಗಳ ಪಟ್ಟಿಗೆ ಸೇರಿಸಲಾಯಿತು. ಅವರ ಮಕ್ಕಳು ಕನ್ನಡ ಶಾಲೆಗಳ ಬೆಂಚಿನ ಮೇಲೆ ಕುಳಿತು ಇದೇ ಪಾಠಗಳನ್ನೋದುತ್ತಾರೆ. ಪಕ್ಕದ ಬೆಂಚಿನವರು ಅವರ ಕೂದಲನ್ನು ಕೇಳದೆ ಮುಟ್ಟಿ ನೋಡುವುದು ಕುತೂಹಲವೇ ಇರಬಹುದು. ಮುಟ್ಟಿಸಿಕೊಂಡವರಿಗೆ ಅದು ಹಾಗೆ ತೋರದು.

ಈ ಕೂದಲಿನ ಕಾರಣದಿಂದ ಮನುಷ್ಯರು ಪಟ್ಟ ಪಾಡನ್ನು ತಿಳಿಯಬೇಕಾದರೆ ಅಮೆರಿಕೆಯ ಚರಿತ್ರೆಯನ್ನು ಸ್ವಲ್ಪ ನೋಡಬೇಕು. ಆಫ್ರಿಕಾದಿಂದ ದಾಸರಾಗಿ ಒಯ್ಯಲ್ಪಟ್ಟವರ ಸಂತತಿ ಅಲ್ಲಿ ದೊಡ್ಡದು. ಲೂಯಿಸಿಯಾನಾ ಪ್ರಾಂತ್ಯವು ಸ್ಪೇನ್ ದೇಶದ ಆಡಳಿತದಲ್ಲಿದ್ದಾಗ, ೧೭೮೬ರಲ್ಲಿ, ಅಲ್ಲಿಯ ರಾಜ್ಯಪಾಲ ಮಿರೋ ಎಂಬಾತನು ಕರಿಯ ಮತ್ತು ಮಿಶ್ರಜನಾಂಗದ ಸ್ವತಂತ್ರ ಸ್ತ್ರೀಯರು ತಮ್ಮ ಕೇಶಾಲಂಕಾರವನ್ನು ತೋರಿಸದೆ ತಲೆಗೆ ಬಟ್ಟೆ ಕಟ್ಟಿಕೊಳ್ಳತಕ್ಕದ್ದೆಂದು ಆಜ್ಞೆ ಹೊರಡಿಸಿದನು. ಆ ಸ್ತ್ರೀಯರೋ ಬಣ್ಣಬಣ್ಣದ ವಸ್ತ್ರಗಳನ್ನು ಎಷ್ಟು ಚೆಲುವಾಗಿ ಸುತ್ತಿಕೊಂಡರೆಂದರೆ, ಅವಮಾನಕ್ಕೆಂದು ವಿಧಿಸಿದ ಬಟ್ಟೆಯೇ ಒಂದು ಭೂಷಣವಾಯಿತು. ದಾಸ್ಯವು ಕಾಯಿದೆಯಿಂದ ತೊಲಗಿದ ಮೇಲೆಯೂ ನೇರಗೂದಲಿಗೆ ‘ಒಳ್ಳೆಯ ಕೂದಲು’, ಸುರುಳಿಗೂದಲಿಗೆ ‘ಕೆಟ್ಟ ಕೂದಲು’ ಎಂಬ ಮಾತು ಉಳಿಯಿತು. ಕರಿಯರ ಮನೆಗಳೊಳಗೂ ಉಳಿಯಿತು ಎಂಬುದು ಹೆಚ್ಚಿನ ದುಃಖ.

ದಾಸ್ಯದಿಂದ ಬಿಡುಗಡೆ ಹೊಂದಿದ ಕುಟುಂಬದಲ್ಲಿ ೧೮೬೭ರಲ್ಲಿ ಜನಿಸಿದ ಸಾರಾ ಬ್ರೀಡ್‌ಲವ್ ಎಂಬಾಕೆ ಅಗಸಗಿತ್ತಿಯಾಗಿ ದುಡಿಯುತ್ತಿದ್ದ ಕಾಲದಲ್ಲಿ ಆಕೆಯ ಕೂದಲು ಉದುರತೊಡಗಿತು. ಆ ಕಷ್ಟದಿಂದಲೇ ನೆತ್ತಿಯ ಆರೈಕೆಯ ವಿಧಾನವನ್ನು ರೂಪಿಸಿ, ಲೇಪವನ್ನು ತಯಾರಿಸಿ, ಮನೆಮನೆಗೆ ಹೋಗಿ ಮಾರಿ, ಮುಂದೆ ಮೇಡಂ ಸಿ. ಜೆ. ವಾಕರ್ ಎಂಬ ಹೆಸರಿನಿಂದ ದೊಡ್ಡ ಉದ್ಯಮವನ್ನೇ ಕಟ್ಟಿ, ಸಾವಿರಾರು ಕರಿಯ ಸ್ತ್ರೀಯರಿಗೆ ಜೀವನೋಪಾಯವನ್ನು ಕಲ್ಪಿಸಿ ೧೯೧೯ರಲ್ಲಿ ತೀರಿಕೊಂಡಳು. ಕೂದಲನ್ನು ನೇರಗೊಳಿಸುವ ಕಾಯಿಸಿದ ಬಾಚಣಿಗೆಯನ್ನು ಆಕೆಯೇ ಕಂಡುಹಿಡಿದಳೆಂಬ ಮಾತು ಪ್ರಚಾರದಲ್ಲಿದೆ. ಅದು ಸರಿಯಲ್ಲ, ಆ ಬಾಚಣಿಗೆ ಆಕೆಗಿಂತ ಮೊದಲೇ ಇದ್ದಿತು. ೧೯೬೦ರ ದಶಕದಲ್ಲಿ ನಾಗರಿಕ ಹಕ್ಕುಗಳ ಹೋರಾಟವು ಬಿರುಸಾದಾಗ, ತರುಣ ತರುಣಿಯರು ನೇರಗೊಳಿಸುವುದನ್ನೇ ಬಿಟ್ಟು, ತಲೆಯ ಸುತ್ತ ಪ್ರಭಾವಳಿಯಂತೆ ಕೂದಲನ್ನು ಬೆಳೆಯಗೊಟ್ಟರು. ‘ಆಫ್ರೋ’ ಎಂಬ ಹೆಸರು ಬಂದದ್ದು ಆಗ. ೨೦೧೬ರಲ್ಲಿ ದಕ್ಷಿಣ ಆಫ್ರಿಕೆಯ ಪ್ರಿಟೋರಿಯಾ ನಗರದ ಬಾಲಿಕಾ ಪ್ರೌಢಶಾಲೆಯೊಂದರಲ್ಲಿ ವಿದ್ಯಾರ್ಥಿನಿಯರೇ ಕೇಶನಿಯಮದ ವಿರುದ್ಧ ಪ್ರತಿಭಟಿಸಿದರು. ಪ್ರಾಂತ್ಯದ ಶಿಕ್ಷಣಾಧಿಕಾರವು ಆ ನಿಯಮವನ್ನು ತಡೆಹಿಡಿಯಿಸಬೇಕಾಯಿತು. ಕೂದಲಿನ ಸ್ವಾಭಾವಿಕ ರೂಪದ ಕಾರಣಕ್ಕೆ ಶಾಲೆಯಲ್ಲಾಗಲಿ ಉದ್ಯೋಗದಲ್ಲಾಗಲಿ ಭೇದ ಮಾಡಕೂಡದೆಂಬ ಕಾಯಿದೆಯನ್ನು ಅಮೆರಿಕೆಯ ರಾಜ್ಯಗಳಲ್ಲಿ ಮೊತ್ತಮೊದಲು ಕ್ಯಾಲಿಫೋರ್ನಿಯಾ ಅಂಗೀಕರಿಸಿದ್ದು ೨೦೧೯ರಲ್ಲಿ. ಕೂದಲಿಗೊಂದು ಕಾಯಿದೆಯೇ ಎಂದು ನಗುವವರು ಅದರ ಹಿಂದಿನ ಕಾಲದ ಉದ್ದವನ್ನು ಎಣಿಸಬೇಕು.

ನೇರಗೊಳಿಸುವ ಔಷಧಗಳ ವಿಚಾರ. ಇವುಗಳಲ್ಲಿ ಬಲವಾದವು ಕಾಸ್ಟಿಕ್ ಸೋಡದಂಥ ತೀಕ್ಷ್ಣ ಕ್ಷಾರಗಳು. ಸಾಬೂನು ಕಾಯಿಸುವವರು ಬಳಸುವುದೂ ಅದೇ ದ್ರವ್ಯ. ಅದು ಎಳೆಯೊಳಗಣ ಗಂಧಕದ ಬಂಧಗಳನ್ನು ಮುರಿದು ಸುರುಳಿಯನ್ನು ಸಡಿಲಿಸುತ್ತದೆ. ಚರ್ಮಕ್ಕೆ ತಗುಲಿದರೆ ಸುಡುತ್ತದೆ. ಇಷ್ಟಾದರೂ ಹೊಸದಾಗಿ ಹುಟ್ಟುವ ಕೂದಲು ಗುಂಗುರಾಗಿಯೇ ಹುಟ್ಟುವುದರಿಂದ ಎರಡು ತಿಂಗಳಿಗೊಮ್ಮೆ ಮತ್ತೆ ಬಳಿಯಬೇಕು. ಬೇರೆ ಕೆಲವು ಲೇಪಗಳಲ್ಲಿ ಫಾರ್ಮಾಲ್ಡಿಹೈಡ್ ಎಂಬ ವಿಷವಾಯು ಹೊರಡುತ್ತದೆ. ಅಮೆರಿಕೆಯಲ್ಲಿ ೩೩,೪೯೭ ಸ್ತ್ರೀಯರನ್ನು ಸುಮಾರು ಹನ್ನೊಂದು ವರ್ಷ ಗಮನಿಸಿ ೨೦೨೨ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇಂಥ ಔಷಧವನ್ನು ಎಂದೂ ಬಳಸದವರಲ್ಲಿ ಎಪ್ಪತ್ತು ವಯಸ್ಸಿನೊಳಗೆ ಗರ್ಭಕೋಶದ ಕ್ಯಾನ್ಸರ್ ತಗುಲುವ ಅಂದಾಜು ನೂರಕ್ಕೆ ೧.೬೪ರಷ್ಟಿದ್ದರೆ, ಪದೇಪದೇ ಬಳಸುವವರಲ್ಲಿ ಅದು ೪.೦೫ರಷ್ಟಿತ್ತು. ಇದರಿಂದ ಕಾರ್ಯಕಾರಣಸಂಬಂಧವು ಸಿದ್ಧವಾಯಿತೆಂದು ಆ ವಿಜ್ಞಾನಿಗಳೇ ಹೇಳಿಲ್ಲ. ಆದರೆ ಬೆಳೆಯುವ ವಯಸ್ಸಿನ ಮಗುವಿನ ತಲೆಗೆ ಇದನ್ನು ಬಳಿಯುವ ಮುನ್ನ ತಾಯಿತಂದೆಗಳು ಎರಡು ಬಾರಿ ಯೋಚಿಸಲು ಇಷ್ಟು ಸಾಕು.

ಇನ್ನು ಮನೆಯ ಉಪಚಾರ. ಮೊದಲನೆಯ ವಿಷಯ ಬಾಚಣಿಗೆ. ಸುಶ್ರುತಸಂಹಿತೆಯಲ್ಲಿ ಧೂಳು, ಕ್ರಿಮಿ, ಮಲಗಳನ್ನು ತೊಡೆಯುವುದೆಂದು ಬಾಚಣಿಗೆಯನ್ನು ಪ್ರಶಂಸಿಸಿದೆ, ಅದು ನಿಜ. ಆದರೆ ಯಾವ ಕೂದಲಿಗೆ ಯಾವ ಬಾಚಣಿಗೆ, ಯಾವ ಹೊತ್ತಿನಲ್ಲಿ ಎಂಬ ವಿವೇಕ ಬೇಕು. ಗುಂಗುರುಗೂದಲನ್ನು ಒಣಗಿದ್ದಾಗ ಬಾಚಲೇಕೂಡದು. ನೀರು ಚಿಮುಕಿಸಿ ಒದ್ದೆ ಮಾಡಿ, ಜಾರುವಂಥ ಯಾವುದಾದರೊಂದು ಲೋಳೆಯನ್ನು ಸವರಿ, ಆ ಮೇಲೆ ಕೈಯಿಕ್ಕಬೇಕು. ತಲೆಯನ್ನು ನಾಲ್ಕು ಭಾಗ ಮಾಡಿ ಮೂರನ್ನು ಗಂಟುಹಾಕಿ ಪಕ್ಕಕ್ಕಿಟ್ಟು, ಒಂದನ್ನು ಮಾತ್ರ ಬಿಚ್ಚಿಕೊಳ್ಳಬೇಕು. ಮೊದಲು ಬೆರಳುಗಳೇ ಬಾಚಣಿಗೆ. ದೊಡ್ಡ ಸಿಕ್ಕುಗಳನ್ನು ಬೆರಳಿನಿಂದ ಬಿಡಿಸಿದ ಮೇಲೆ ಅಗಲವಾದ ಹಲ್ಲಿನ ಮರದ ಹಣಿಗೆ. ಅದೂ ತುದಿಯಿಂದ ಆರಂಭಿಸಿ, ಎರಡೆರಡು ಅಂಗುಲ ಮೇಲಕ್ಕೆ ಸರಿಯುತ್ತ. ಬುಡದಿಂದ ಕೆಳಕ್ಕೆಳೆದರೆ ಎಲ್ಲ ಸಿಕ್ಕೂ ಕೆಳಗೆ ಒಟ್ಟುಗೂಡಿ ಒಂದೇ ಗಂಟಾಗುತ್ತದೆ. ಕನ್ನಡದಲ್ಲಿ ‘ಸಿಕ್ಕು’ ಎಂದರೆ ಕೂದಲ ತೊಡಕೂ ಹೌದು, ಬಾಳಿನ ತೊಡಕೂ ಹೌದು. ಬಿಡಿಸುವ ಕ್ರಮ ಮಾತ್ರ ತುದಿಯಿಂದಲೇ. ಬಾಚುವಾಗ ಎಡಗೈಯಿಂದ ಆ ಭಾಗದ ಬುಡವನ್ನು ಹಿಡಿದುಕೊಂಡರೆ ಎಳೆತವು ಚರ್ಮಕ್ಕೆ ತಗುಲದು, ಮಗು ಅಳದು.

ಸಣ್ಣ ಹಲ್ಲಿನ ಹಣಿಗೆಯು ಹೇನಿಗೆ ಮಾತ್ರ. ವಸತಿನಿಲಯಗಳಲ್ಲಿ ಹೇನು ಕಂಡೊಡನೆ ತಲೆ ಬೋಳಿಸುವ ರೂಢಿ ಕೆಲವೆಡೆ ಇದೆ; ಅದರ ಅಗತ್ಯವಿಲ್ಲ. ಲೋಳೆ ಹಚ್ಚಿ ಸಿಕ್ಕೆಲ್ಲ ಬಿಡಿಸಿದ ಮೇಲೆ, ಹೆಬ್ಬೆರಳಗಲದ ಒಂದೊಂದೇ ಭಾಗವನ್ನು ತೆಗೆದುಕೊಂಡರೆ ಗುಂಗುರಿನಲ್ಲಿಯೂ ಸಣ್ಣ ಹಣಿಗೆ ಆಡುತ್ತದೆ. ಮೂರು ನಾಲ್ಕು ದಿನಗಳಿಗೊಮ್ಮೆ ಎರಡು ಮೂರು ವಾರ ಹೀಗೆ ಮಾಡಬೇಕು. ತಾಳ್ಮೆ ಬೇಕು, ಅಷ್ಟೆ.

ತಲೆಗೆರೆದುಕೊಳ್ಳುವುದು ವಾರಕ್ಕೊಮ್ಮೆ ಸಾಕು. ಇಷ್ಟಲಿಂಗಪೂಜೆಗೆ ಮುನ್ನ ಮೈಮಜ್ಜನವು ನಿತ್ಯವಿಧಿಯಾದರೂ ನಮ್ಮ ಹಿರಿಯ ಹೆಣ್ಣುಮಕ್ಕಳು ತಲೆಗೆರೆದುಕೊಳ್ಳುತ್ತಿದ್ದುದು ವಾರಕ್ಕೊಂದು ದಿನವೇ. ದಿನವೂ ತೊಳೆದರೆ ಮೊದಲೇ ಕಡಮೆಯಿರುವ ಜಿಡ್ಡು ಪೂರ್ತಿಯಾಗಿ ಹೋಗಿ ಕೂದಲು ಹುಲ್ಲಿನಂತಾಗುತ್ತದೆ. ಸೀಗೆಕಾಯಿ, ಅಂಟುವಾಳ ಎರಡರಲ್ಲಿಯೂ ನೊರೆ ಕೊಡುವ ಸಪೋನಿನ್ ಎಂಬ ದ್ರವ್ಯವಿದೆ. ಸೀಗೆ ಮೃದು, ಅಂಟುವಾಳ ತೀಕ್ಷ್ಣ, ಜಿಡ್ಡನ್ನೆಲ್ಲ ಕಿತ್ತುಕೊಂಡು ಹೋಗುತ್ತದೆ. ಇಲ್ಲೊಂದು ಎಚ್ಚರಿಕೆ: ನೇರಗೂದಲಿನವರಂತೆ ಸೀಗೆಪುಡಿಯನ್ನು ನೇರವಾಗಿ ತಲೆಗೆ ತಿಕ್ಕಿದರೆ ಅದರ ತರಿಯು ಸುರುಳಿಗಳಲ್ಲಿ ಸಿಕ್ಕಿ ಎರಡು ದಿನವಾದರೂ ಉದುರುತ್ತಲೇ ಇರುತ್ತದೆ. ಕಾಯನ್ನು ರಾತ್ರಿ ನೆನೆಯಿಟ್ಟು, ಬೆಳಿಗ್ಗೆ ಕುದಿಸಿ, ಬಟ್ಟೆಯಲ್ಲಿ ಸೋಸಿದ ನೀರನ್ನೇ ಬಳಸಬೇಕು. ಕಡಲೆಹಿಟ್ಟಂತೂ ಇಂಥ ಕೂದಲಿಗೆ ಸಲ್ಲದು. ಅದು ಮುದ್ದೆಯಾಗಿ ಅಂಟಿ ಕೂತುಬಿಡುತ್ತದೆ. ಬಯಲುಸೀಮೆಯ ಕೊಳವೆಬಾವಿಗಳ ಗಡಸುನೀರಿನಲ್ಲಿ ಸಾಬೂನು ಹಚ್ಚಿದರೆ ಬಿಳಿಯ ಕಸರು ಉಳಿಯುವುದನ್ನು ಎಲ್ಲರೂ ಬಲ್ಲರು. ಸೀಗೆಯ ನೀರಿಗೆ ಈ ದೋಷವಿಲ್ಲ. ಕಡೆಯ ತಂಬಿಗೆಯಾದರೂ ಮಳೆಯ ನೀರಾದರೆ ಒಳ್ಳೆಯದು.

ತೊಳೆದ ಮೇಲೆ ದಾಸವಾಳದ ಎಲೆಗಳನ್ನು ನೀರಿನಲ್ಲಿ ಕಿವುಚಿ ತೆಗೆದ ಲೋಳೆಯನ್ನು ಹಚ್ಚಬೇಕು. ಮಲೆನಾಡಿನಲ್ಲಿ ಇದನ್ನು ಗೊಂಪು ಎನ್ನುವರು. ಸಿಕ್ಕು ಬಿಡಿಸಲು ಇದಕ್ಕೆ ಮಿಗಿಲಾದ ಸಾಧನ ದುರ್ಲಭ. ಲೋಳೆಸರವಾಗಲಿ, ನೆನೆಯಿಟ್ಟ ಮೆಂತ್ಯದ ನೀರಾಗಲಿ ನಡೆದೀತು. ಒರಸಲು ಒರಟು ಟವೆಲು ಬೇಡ, ಹಳೆಯ ಮೆತ್ತನೆಯ ಧೋತರದಿಂದ ಹಿಂಡಿ ನೀರನ್ನು ತೆಗೆಯಬೇಕು, ತಿಕ್ಕಬಾರದು.

ಎಣ್ಣೆಯ ವಿಷಯದಲ್ಲಿ ಅನೇಕರಿಗೆ ಭ್ರಮೆಯುಂಟು. ಎಣ್ಣೆ ನೀರಲ್ಲ, ಒಣಗಿದ ಕೂದಲಿಗೆ ಎಷ್ಟು ಎಣ್ಣೆ ಸುರಿದರೂ ಅದು ಜಿಡ್ಡಾದೀತೇ ವಿನಾ ತೇವಗೊಳ್ಳದು. ಎಣ್ಣೆಗೆ ಎರಡು ಬೇರೆ ಬೇರೆ ಕೆಲಸಗಳಿವೆ. ಸ್ನಾನಕ್ಕೆ ಮುನ್ನ ಹಚ್ಚುವ ಕೊಬ್ಬರಿ ಎಣ್ಣೆಯು ಎಳೆಯ ಒಳಕ್ಕಿಳಿದು, ತೊಳೆಯುವಾಗ ಆಗುವ ಸವಕಳಿಯನ್ನು ತಡೆಯುತ್ತದೆ. ಮುಂಬಯಿಯ ವಿಜ್ಞಾನಿಗಳಿಬ್ಬರು ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜತೈಲ ಮೂರನ್ನೂ ಹೋಲಿಸಿ ೨೦೦೩ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಈ ಗುಣವು ಕೊಬ್ಬರಿ ಎಣ್ಣೆಗೆ ಮಾತ್ರ ಕಂಡುಬಂದಿತು. ಅಭ್ಯಂಜನದ ಹಳೆಯ ಪದ್ಧತಿಗೆ ಹೊಸ ವಿಜ್ಞಾನದ ಮುದ್ರೆ ಬಿದ್ದಂತಾಯಿತು. ಸ್ನಾನವಾದ ಮೇಲೆ ಹಚ್ಚುವ ಎಣ್ಣೆಯ ಕೆಲಸ ಬೇರೆ: ಕೂದಲಿನೊಳಗೆ ಸೇರಿದ ನೀರು ಆರಿಹೋಗದಂತೆ ಮುಚ್ಚಳವಾಗುವುದು. ಇದಕ್ಕೆ ಹರಳೆಣ್ಣೆ ಲೇಸು. ಬಹಳ ಮಂದವಾದುದರಿಂದ ಒಂದು ಪಾಲು ಹರಳೆಣ್ಣೆಗೆ ಎರಡು ಪಾಲು ಕೊಬ್ಬರಿ ಎಣ್ಣೆ ಬೆರೆಸಿ, ನಾಲ್ಕೈದು ಹನಿಗಳನ್ನು ಅಂಗೈಗೆ ತಿಕ್ಕಿಕೊಂಡು, ಕೂದಲು ಇನ್ನೂ ಹಸಿಯಾಗಿರುವಾಗಲೇ ತುದಿಗಳಿಗೆ ಸವರಬೇಕು. ಮೊದಲು ನೀರು, ಆ ಮೇಲೆ ಎಣ್ಣೆ. ಈ ಕ್ರಮ ತಪ್ಪಿದರೆ ಫಲವಿಲ್ಲ.

ಉತ್ತರ ಕರ್ನಾಟಕದ ಮನೆಗಳಲ್ಲಿ ಇನ್ನೊಂದು ನಿಧಿ ಡಬ್ಬಿಯಲ್ಲೇ ಕೂತಿದೆ. ಅಗಸೆ. ರೊಟ್ಟಿಯೊಡನೆ ಅಗಸೆಯ ಹಿಂಡಿಯನ್ನುಂಡು ಬೆಳೆದವರಿಗೆ ಅದು ತಲೆಗೂ ಆಗಿಬರುವುದೆಂಬುದು ತಿಳಿಯದಿರಬಹುದು. ಆದರೆ ದೂರದೇಶಗಳಲ್ಲಿ ಗುಂಗುರುಗೂದಲಿನವರು ಇಂದು ಮನೆಯಲ್ಲಿ ತಯಾರಿಸಿಕೊಳ್ಳುವ ಲೇಪಗಳಲ್ಲಿ ಇದು ಬಹು ಜನಪ್ರಿಯ. ಒಂದು ಬಟ್ಟಲು ಅಗಸೆಗೆ ಎಂಟು ಬಟ್ಟಲು ನೀರು ಸೇರಿಸಿ, ಹದವಾದ ಉರಿಯಲ್ಲಿ ಕೈಯಾಡಿಸುತ್ತ ಕಾಯಿಸಬೇಕು. ಕೈ ಬಿಟ್ಟರೆ ಉಕ್ಕಿ ಒಲೆಯ ಪಾಲಾಗುತ್ತದೆ. ಎಂಟು ಹತ್ತು ನಿಮಿಷಗಳಲ್ಲಿ ನೊರೆಯೆದ್ದು, ಸೌಟನ್ನೆತ್ತಿದರೆ ಎಳೆಯೆಳೆಯಾಗಿ ಇಳಿಯತೊಡಗುತ್ತದೆ. ಆ ಕ್ಷಣವೇ ಇಳಿಸಿ, ಬಿಸಿಯಿರುವಾಗಲೇ ತೆಳುವಾದ ಬಟ್ಟೆಯಲ್ಲಿ ಸೋಸಬೇಕು. ಆರಲಿ ಎಂದು ಬಿಟ್ಟವರು ಕೆಟ್ಟರು. ಆರಿದ ಅಗಸೆಯ ಲೋಳೆಯು ಬಟ್ಟೆಯಿಂದ ಹನಿಯೂ ಇಳಿಯದು. ತಂಪುಪೆಟ್ಟಿಗೆಯಿದ್ದರೆ ಒಂದು ವಾರ, ಇಲ್ಲದಿದ್ದರೆ ಮರುದಿನದವರೆಗೆ ಇಡಬಹುದು. ಹುಳಿವಾಸನೆ ಬಂದರೆ ಚೆಲ್ಲಬೇಕು. ಹಸಿಗೂದಲಿಗೆ ಇದನ್ನು ಸವರಿ ಸುರುಳಿಗಳನ್ನು ಮುಷ್ಟಿಯಲ್ಲಿ ಮೆಲ್ಲನೆ ಹಿಚುಕಿ ಹಾಗೆಯೇ ಆರಗೊಟ್ಟರೆ, ಒಂದೊಂದು ಕುರುಳೂ ತನ್ನ ಆಕೃತಿಯಲ್ಲಿ ನಿಲ್ಲುತ್ತದೆ. ಉಳಿದ ಬೀಜವನ್ನು ದನಕ್ಕಿಡಬಹುದು.

ಅಲಂಕಾರದ ಮಾತು ಬಂದರೆ, ಗುಂಗುರುಗೂದಲಿಗೆ ಹೆಣಿಗೆಯು ಅಲಂಕಾರವೂ ಹೌದು, ರಕ್ಷೆಯೂ ಹೌದು. ಅತ್ಯಂತ ಸುಲಭವಾದುದು ಎರಡೆಳೆಯ ಹುರಿ. ಹಸಿಗೂದಲನ್ನು ಹತ್ತು ಹನ್ನೆರಡು ಭಾಗ ಮಾಡಿ, ಒಂದೊಂದನ್ನೂ ಎರಡು ಎಳೆಯಾಗಿಸಿ, ಹಗ್ಗ ಹೊಸೆದಂತೆ ಒಂದರ ಸುತ್ತ ಒಂದನ್ನು ಸುತ್ತುತ್ತ ಬರುವುದು. ರಾತ್ರಿ ಹೊಸೆದು ಬೆಳಿಗ್ಗೆ ಬಿಚ್ಚಿದರೆ ಚೆಲುವಾದ ಸುರುಳಿಗಳು. ಬಿಚ್ಚದೆ ಬಿಟ್ಟರೆ ವಾರವೆಲ್ಲ ಬಾಚುವ ಗೋಜಿಲ್ಲ. ನೆತ್ತಿಗೆ ಹತ್ತಿಕೊಂಡಂತೆಯೇ ಸಾಲುಸಾಲಾಗಿ ಹೆಣೆಯುವ ಜಡೆಗೆ ಅಮೆರಿಕೆಯವರು ಜೋಳದ ಸಾಲೆಂದೂ, ಕೆರೀಬಿಯನ್ ದ್ವೀಪಗಳವರು ಕಬ್ಬಿನ ಸಾಲೆಂದೂ ಹೆಸರಿಟ್ಟಿದ್ದಾರೆ. ಕೂರಿಗೆಯಿಂದ ಬಿತ್ತಿದ ಹೊಲವನ್ನು ಕಂಡವರಿಗೆ ಈ ಹೆಸರುಗಳ ಔಚಿತ್ಯ ಕೂಡಲೇ ಹೊಳೆಯುತ್ತದೆ. ನೈಜೀರಿಯದ ಯೊರುಬಾ ಜನರಲ್ಲಿ ಕೂದಲ ಎಳೆಗಳಿಗೆ ನೂಲು ಸುತ್ತಿ, ಬೆಂಕಿಯ ಸೋಂಕಿಲ್ಲದೆ ಅದನ್ನು ನೀಳಗೊಳಿಸುವ ಹಳೆಯ ಕಲೆಯಿದೆ. ಆ ದೇಶದ ಛಾಯಾಗ್ರಾಹಕ ಒಜೈಕೆರೆ ಎಂಬಾತನು ೧೯೬೮ರಿಂದ ಆರಂಭಿಸಿ ಇಂಥ ನೂರಾರು ಕೇಶರಚನೆಗಳನ್ನು ಚಿತ್ರಿಸಿಟ್ಟಿದ್ದಾನೆ. ಕೆಲವು ಗೋಪುರದಂತಿವೆ, ಕೆಲವು ಕಿರೀಟದಂತೆ. ಮೊಗ್ಗಿನ ಜಡೆಯ ಕುಸುರಿಯನ್ನು ಬಲ್ಲ ನಮ್ಮ ಹೆಣ್ಣುಮಕ್ಕಳಿಗೆ ಇವನ್ನು ಮೆಚ್ಚುವುದು ಕಷ್ಟವಾಗದು.

ಯಾವ ಹೆಣಿಗೆಯಾದರೂ ಬಿಗಿಯಾಗಬಾರದು. ಹಣೆಯ ಅಂಚು ಎಳೆದು ನೋಯುವಂ ಹಾಗೆ ವರ್ಷಗಟ್ಟಲೆ ಜಡೆ ಹಾಕಿದವರಿಗೆ ಮುಂದಲೆಯ ಕೂದಲು ಹಿಂದೆ ಸರಿಯುತ್ತ ಹೋಗಿ, ಕೆಲವರಿಗೆ ಮತ್ತೆ ಹುಟ್ಟುವುದೇ ಇಲ್ಲ. ಹೆಣೆದ ದಿನ ತಲೆ ನೋವಾದರೆ ಅದನ್ನು ಬಿಚ್ಚಿ ಸಡಿಲವಾಗಿ ಹೆಣೆಯಬೇಕು. ರಬ್ಬರು ಪಟ್ಟಿಗಿಂತ ಬಟ್ಟೆಯ ರಿಬ್ಬನ್ನು ಮೇಲು. ರಾತ್ರಿ ಹತ್ತಿಯ ದಿಂಬು ಕೂದಲಿನ ಎಣ್ಣೆಯನ್ನೂ ತೇವವನ್ನೂ ಹೀರಿ, ಉಜ್ಜಿ ಉಜ್ಜಿ ತುದಿಗಳನ್ನು ಮುರಿಯುತ್ತದೆ. ರೇಷ್ಮೆಯ ವಸ್ತ್ರವನ್ನು ಕಟ್ಟಿಕೊಂಡು ಮಲಗಿದರೆ ಈ ಹಾನಿಯಿಲ್ಲ. ಹೊಸದನ್ನೇನೂ ಕೊಳ್ಳಬೇಕಾಗಿಲ್ಲ, ಅಜ್ಜಿಯ ಹಳೆಯ ಇಳಕಲ್ ಸೀರೆ ಹರಿದಿದ್ದರೂ ಅದರ ರೇಷ್ಮೆಯ ಸೆರಗು ಸಾಮಾನ್ಯವಾಗಿ ಗಟ್ಟಿಯಾಗಿಯೇ ಇರುತ್ತದೆ.

ಇನ್ನುಳಿದುದು ಶಾಲೆಯ ಪಾಲು. ಅಕ್ಕಮಹಾದೇವಿಯು ಕೇಶವನ್ನೇ ಉಡುಗೆಯಾಗಿಸಿಕೊಂಡು ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭುವು ಆ ಕೇಶದ ಮರೆಯನ್ನೇ ಕುರಿತು ಪ್ರಶ್ನಿಸಿದ ಪ್ರಸಂಗವು ಶೂನ್ಯಸಂಪಾದನೆಯನ್ನು ಬಲ್ಲವರಿಗೆಲ್ಲ ಪರಿಚಿತ. ತಲೆ ಬೋಳಾದ ಮಾತ್ರಕ್ಕಾಗಲಿ ಜಡೆ ಬೆಳೆದ ಮಾತ್ರಕ್ಕಾಗಲಿ ಹಿರಿಮೆ ಬಾರದೆಂಬುದು ಶರಣರ ನಿಲವು. ಕೂದಲಿನಿಂದ ಹಿರಿಮೆ ಬಾರದೆಂದ ಮೇಲೆ ಕಿರಿಮೆಯೂ ಬರಕೂಡದಷ್ಟೆ. ‘ಎಣ್ಣೆ ಹಚ್ಚಿ ನುಣ್ಣಗೆ ಬಾಚಿ ಎರಡು ಜಡೆ ಹಾಕಿರಬೇಕು’ ಎಂಬ ನಿಯಮವು ನೇರಗೂದಲಿನವರನ್ನು ಮುಂದಿಟ್ಟುಕೊಂಡು ಬರೆದದ್ದು. ಅದನ್ನು ಬರೆದವರಿಗೆ ಕೆಟ್ಟ ಉದ್ದೇಶವೇನೂ ಇರಲಿಲ್ಲ. ‘ಕೂದಲು ಶುಚಿಯಾಗಿರಬೇಕು, ಕಣ್ಣಿಗೆ ಬೀಳದಂತೆ ಕಟ್ಟಿರಬೇಕು’ ಎಂದಷ್ಟೇ ಬರೆದರೆ ಶಿಸ್ತೂ ಉಳಿಯುತ್ತದೆ, ಗುಂಗುರುಗೂದಲಿನ ಮಗುವೂ ತಲೆಯೆತ್ತಿ ಸಾಲಿನಲ್ಲಿ ನಿಲ್ಲುತ್ತದೆ. ವಸತಿನಿಲಯದಲ್ಲಿ ಶನಿವಾರ ಮಧ್ಯಾಹ್ನ ಪಾಠ ಮುಗಿದ ಮೇಲೆ ಎರಡು ತಾಸು ಬಿಡುವು, ಒಂದು ಹಂಡೆ ಬಿಸಿನೀರು, ಅಗಲ ಹಲ್ಲಿನ ಎರಡು ಹಣಿಗೆ, ಹಿತ್ತಿಲಲ್ಲೊಂದು ದಾಸವಾಳದ ಗಿಡ: ವೆಚ್ಚವೆಂದರೆ ಇಷ್ಟೇ. ಹಿರಿಯ ಬಾಲಿಕೆಯರು ಕಿರಿಯರಿಗೆ ಹೆಣೆಯಲು ಕಲಿಸಲಿ. ಒಬ್ಬರ ತಲೆಗೆ ಒಂದು ತಾಸು ಹಿಡಿದೀತು; ಕೌದಿ ಹೊಲಿಯುವವರು ಇದಕ್ಕೂ ಹೆಚ್ಚು ಹೊತ್ತು ಕೂರುತ್ತಾರೆ.

ಗುಂಗುರುಗೂದಲು ಬೆಳೆಯುವುದೇ ಇಲ್ಲವೆಂಬ ದೂರು ಅನೇಕ ಮಕ್ಕಳದು. ಒದ್ದೆಯಾದಾಗ ಭುಜ ಮುಟ್ಟುವ ಕೂದಲು ಆರಿದೊಡನೆ ಕಿವಿಯ ಮೇಲಕ್ಕೆ ಸುರುಟಿಕೊಳ್ಳುವುದರಿಂದ ಹಾಗೆ ತೋರುತ್ತದೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಷ್ಟು ಬೆಳೆಯುತ್ತಲೇ ಇರುತ್ತದೆ. ಸಂದೇಹವಿದ್ದವರು ಬಸವಜಯಂತಿಯ ದಿನ ಹಿಂದಲೆಯ ಒಂದು ಎಳೆಯನ್ನು ಒದ್ದೆ ಮಾಡಿ, ಮೆಲ್ಲನೆ ನೀಳಗೊಳಿಸಿ, ಅಳತೆಪಟ್ಟಿಯಿಂದ ಅಳೆದು, ನೋಟುಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಡಬೇಕು. ದೀಪಾವಳಿಯ ಅಭ್ಯಂಜನದ ದಿನ ಅದೇ ಜಾಗದ ಎಳೆಯನ್ನು ಮತ್ತೆ ಅಳೆದು ಅದರ ಕೆಳಗೆ ಬರೆಯಬೇಕು.